ಹದಿನೇಳನೆಯ ಮಾರು

ಆಕೆ ನನ್ನ ಹಗ್ಗವನ್ನು ಕತ್ತರಿಸಿದ ದಿನ ನಾನು ಬೈದ ಬೈಗಳನ್ನು ಇಲ್ಲಿ ಬರೆಯುವಂತಿಲ್ಲ.

ಅದು ಅಪ್ಪನ ಹಗ್ಗ. ಅಪ್ಪ ನಾಗಾವಿಯಲ್ಲಿ ಗೌಂಡಿ. ಆ ಹಗ್ಗವನ್ನು ಸೊಂಟಕ್ಕೆ ಬಿಗಿದು ಸುತ್ತಲಿನ ಎಷ್ಟೋ ಗುಡಿಗಳ ಶಿಖರ ಏರಿ ಗಾರೆ ಬಳಿದಿದ್ದ. ನಾನು ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಆದರೆ ಕಾರಕೂನಿಕೆ ಸಿಗಲಿಲ್ಲ. ಕೊನೆಗೆ ಅಪ್ಪನ ಕರಣಿಯನ್ನೂ ಆ ಹಗ್ಗವನ್ನೂ ಹೆಗಲಿಗೆ ಹಾಕಿಕೊಂಡು ಗದಗಿನ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ಸ್ವಾತಂತ್ರ್ಯ ಬರಲು ಇನ್ನೂ ಒಂದೆರಡು ವರ್ಷವಿತ್ತು. ಹತ್ತಿಯ ಹಂಗಾಮು ಮುಗಿದ ಮೇಲೆ ಗಿರಣಿ ನಿಲ್ಲುತ್ತಿತ್ತು. ಆಗ ತಗಡಿನ ಮಾಡು, ನೀರಿನ ಟಾಕಿ, ಹೊಗೆಯ ಚಿಮಣಿ ಎಲ್ಲದರ ರಿಪೇರಿ. ಎತ್ತರದ ಕೆಲಸಕ್ಕೆ ನಾವು ಇಬ್ಬರೇ, ನಾನು ಮತ್ತು ಶಿರಹಟ್ಟಿ ಕಡೆಯ ಫಕ್ಕೀರಪ್ಪ.

ಮೊದಲ ದಿನ ಸ್ಟೋರಿನ ಕಟ್ಟೆಯ ಮೇಲೆ ಕುಳಿತು ಚೀಲ ಹೊಲಿಯುತ್ತಿದ್ದ ಹೆಂಗಸೊಬ್ಬಳು, "ಹಗ್ಗ ಇಲ್ಲೆ ಕೊಡಪಾ" ಎಂದು ಕೈ ಚಾಚಿದಳು. ನಲವತ್ತರ ಆಸುಪಾಸಿನವಳು. ಮಾಸಿದ ಇಳಕಲ್ಲ ಸೀರೆ, ಬಳೆಯಿಲ್ಲದ ಬರಿಗೈ. ತೂಗುಹಾಕಲು ಕೇಳುತ್ತಿದ್ದಾಳೆಂದು ತಿಳಿದು ಕೊಟ್ಟೆ. ಆಕೆ ಹಗ್ಗವನ್ನು ಮೊಳಕಾಲ ಮೇಲೆ ಎಳೆದುಕೊಳ್ಳುತ್ತ ಬೆರಳಾಡಿಸಿದಳು, ಎರಡು ಕಡೆ ಹುರಿ ಬಿಡಿಸಿ ಒಳಗೆ ನೋಡಿದಳು, ಮೂಸಿದಳು. ಆಮೇಲೆ ಪಕ್ಕದಲ್ಲಿದ್ದ ಕುಡಗೋಲು ತೆಗೆದುಕೊಂಡು, ನಾನು ಬಾಯಿ ತೆರೆಯುವುದರೊಳಗೆ, ಅಪ್ಪನ ಹಗ್ಗವನ್ನು ಮಾರುದ್ದದ ತುಂಡುಗಳಾಗಿ ಕೊಯ್ದು ಹಾಕಿದಳು.

ನಾನು ಬೈದದ್ದನ್ನೆಲ್ಲ ಕೇಳಿಸಿಕೊಂಡು ತುಂಡುಗಳನ್ನು ಒಟ್ಟು ಮಾಡಿ ನನ್ನ ಕೈಗೆ ಕೊಟ್ಟಳು.

"ಆಕಳ ಕರಾ ಕಟ್ಟಾಕ ಆಗತಾವು, ತಗೊಂಡ ಹೋಗು. ಮನಷಾನ್ನ ಕಟ್ಟಾಕ ಬರೂದಿಲ್ಲ."

"ಇಡೀ ಹಗ್ಗ ಕೊಟ್ಟಿದ್ರ ಮನ್ಯಾಗ ಇಟ್ಕೋತಿದ್ನೆಲ್ಲಾ."

"ಇಡೀದು ಇದ್ರ ಒಂದಿಲ್ಲೊಂದ ದಿನಾ ಏರತಿ."

ಎಷ್ಟೋ ವರ್ಷಗಳ ಮೇಲೆ, ಹೋದ ವರ್ಷ, ಮುಂಡರಗಿಯಿಂದ ಒಂದು ಕಾರ್ಡು ಬಂತು. ಆಕೆಯ ಮಗಳು ಯಾರ ಕೈಯಲ್ಲೋ ಬರೆಸಿದ್ದು. ಅವ್ವ ತೀರಿಕೊಂಡಳು, ಕೊನೆಯ ದಿನಗಳಲ್ಲಿ ಕಣ್ಣು ಪೂರ್ತಿ ಹೋಗಿತ್ತು, ಆದರೂ ಬಾವಿಯ ಹಗ್ಗ ಹೊಸದು ತಂದರೆ ಮೊದಲು ತನ್ನ ಕೈಗೆ ಕೊಡಬೇಕೆಂದು ಹಟ ಹಿಡಿಯುತ್ತಿದ್ದಳು ಎಂದಿತ್ತು. ಕಾರ್ಡನ್ನು ಎರಡು ಸಲ ಓದಿದೆ. ಗಿರಣಿಯಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಹೆಸರು ಹಿಡಿದು ಕರೆದದ್ದು ನೆನಪಿಲ್ಲ, ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ.

ಅಕ್ಕ ಬೆಟಗೇರಿಯ ನೇಕಾರರ ಮನೆಯವಳು. ಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗಗಳು ನಿಂತಾಗ ಗಂಡ ಸೋಲಾಪುರದ ಗಿರಣಿಗೆ ಹೋದ. ಅಲ್ಲೇ ಜ್ವರ ಬಂದು ತೀರಿಕೊಂಡ. ಅಕ್ಕ ಮಗಳನ್ನು ಕಟ್ಟಿಕೊಂಡು ನಮ್ಮ ಗಿರಣಿಗೆ ಚೀಲ ಹೊಲಿಯಲು ಬಂದಳು. ಲೆಕ್ಕದಲ್ಲಿ ಆಕೆಯ ಕೆಲಸ ಕೊನೆಯವರೆಗೂ ಚೀಲ ಹೊಲಿಯುವುದೇ ಆಗಿತ್ತು. ಹಗ್ಗ ನೋಡುವ ಕೆಲಸವನ್ನು ಯಾರೂ ಆಕೆಗೆ ಕೊಟ್ಟಿರಲಿಲ್ಲ. ತಾನೇ ಹಿಡಿದುಕೊಂಡಿದ್ದಳು. ಹಳೆಯ ಮ್ಯಾನೇಜರು ಸುಮ್ಮನೆ ಬಿಟ್ಟಿದ್ದರು.

ಆಕೆ ಹಗ್ಗ ನೋಡುವುದನ್ನು ನೋಡಲು ತಾಳ್ಮೆ ಬೇಕಿತ್ತು. ಅಂಗಳದ ಎರಡು ಬೇವಿನ ಮರಗಳ ನಡುವೆ ಹಗ್ಗ ಎಳೆದು ಕಟ್ಟುತ್ತಿದ್ದಳು. ಮೊದಲು ಕಣ್ಣು ಮುಚ್ಚಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಲ್ಲಿ ನಡೆಯುತ್ತಿದ್ದಳು. ಎರಡನೆಯ ಸಲ, ಎರಡೂ ಕೈ ಚಾಚಿ ಅಳೆಯುತ್ತ, ಮಾರಿಗೊಮ್ಮೆ ನಿಂತು, ಟಗರಿನ ಕೋಡಿನ ಚೂಪು ತುದಿಯನ್ನು ಹುರಿಗಳ ನಡುವೆ ತೂರಿಸಿ ಹಗ್ಗದ ಹೊಟ್ಟೆ ತೆರೆಯುತ್ತಿದ್ದಳು. ಮೂರು ಹುರಿಯ ಹಗ್ಗ ಹೊರಗೆ ಎಷ್ಟು ಚೆಂದವಿದ್ದರೂ ಆಕೆಗೆ ಸಂಬಂಧವಿರಲಿಲ್ಲ. ಒಳಗಿನ ನಾರು ಬೆಳ್ಳಗೆ, ಉದ್ದಕ್ಕೆ ಇರಬೇಕು. ಬೂದು ಬಣ್ಣವಿದ್ದರೆ, ಬೆರಳಿಗೆ ಹಿಟ್ಟು ಹತ್ತಿದರೆ, ಮುಗಿಯಿತು.

"ಒಳಗ ಸತ್ತಿರತೈತಿ, ಹೊರಗ ಗೊತ್ತಾಗೂದಿಲ್ಲ" ಎನ್ನುತ್ತಿದ್ದಳು. "ಎಣ್ಣಿ ಬಡಿತೈತಿ, ಸುಣ್ಣಾ ಬಡಿತೈತಿ, ಚಿಮಣಿ ಹೊಗಿ ಬಡಿತೈತಿ. ಹಗ್ಗಕ್ಕ ಬಾಯಿ ಇಲ್ಲಪಾ, ಹೇಳೂದಿಲ್ಲ."

ಪಾಸಾದ ಹಗ್ಗಕ್ಕೆ ಬಿಳಿಯ ನೂಲು ಕಟ್ಟುತ್ತಿದ್ದಳು. ಒಂದು ಮಳೆಗಾಲ ಕಳೆದರೆ ಆ ನೂಲಿಗೆ ಒಂದು ಗಂಟು. ಮೂರು ಗಂಟಾದರೆ ಹಗ್ಗ ಎಷ್ಟೇ ಗಟ್ಟಿಯಾಗಿರಲಿ, ಅದು ಮನುಷ್ಯರನ್ನು ಹೊರುವ ಕೆಲಸದಿಂದ ಬಿಡುಗಡೆಯಾಗಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಕಟ್ಟಲು ಹೋಗುತ್ತಿತ್ತು. ಬಿದಿರಿನ ನಿಚ್ಚಣಿಕೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಲ್ಲಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದಳು. ನಮ್ಮ ಸೊಂಟದ ಚರ್ಮದ ಪಟ್ಟಿಯನ್ನು ಹಿಂದಕ್ಕೆ ಮಡಿಚಿ ಬಿರುಕು ಹುಡುಕುತ್ತಿದ್ದಳು. ಒಮ್ಮೆ ಫಕ್ಕೀರಪ್ಪ ಬೆಲ್ಲದ ಚೂರು ತಿಂದು ಕೈ ತೊಳೆಯದೆ ಹಗ್ಗ ಸುತ್ತಿಟ್ಟ. ಆಕೆ ಇಡೀ ಹಗ್ಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಹರವಿದಳು. "ಇಲಿ ಬೆಲ್ಲಾ ತಿನ್ನಾಕ ಬರತೈತಿ, ಹಗ್ಗಾ ತಿಂದು ಹೋಗತೈತಿ" ಎಂದಷ್ಟೇ ಹೇಳಿದಳು. ಅಷ್ಟು ಹೊತ್ತು ನಾವು ಇಬ್ಬರೂ ಬೀಡಿ ಸೇದುತ್ತ ಕುಳಿತೆವು. ಕೆಲಸ ಮಾಡಿಸುವ ಮುಕಾದಮ ನಮಗೆ ಬೈದ. ನಾವು ಹಿಂದಿನಿಂದ ಆಕೆಗೆ ಬೈದೆವು.

ಸ್ವಾತಂತ್ರ್ಯ ಬಂದ ದಿನ ಚಿಮಣಿಯ ತುದಿಗೆ ಬಾವುಟ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮೇಲೇರಿದಾಗ ಕಂಡದ್ದು ಈಗಲೂ ಕಣ್ಣಲ್ಲಿದೆ. ಒಂದು ಕಡೆ ಗದಗಿನ ಹಂಚಿನ ಮಾಡುಗಳು, ಇನ್ನೊಂದು ಕಡೆ ಬೆಟಗೇರಿಯ ಅಂಗಳಗಳಲ್ಲಿ ಹರವಿದ ಬಣ್ಣದ ನೂಲು, ದೂರದಲ್ಲಿ ಕಪ್ಪತಗುಡ್ಡದ ನೀಲಿ. ಬಾವುಟ ಬಿಚ್ಚಿಕೊಂಡಾಗ ಕೆಳಗಿದ್ದವರೆಲ್ಲ ಕತ್ತೆತ್ತಿ ಜಯಕಾರ ಹಾಕಿದರು. ಒಬ್ಬಳು ಮಾತ್ರ ನನಗೆ ಬೆನ್ನು ಮಾಡಿ, ಹಗ್ಗದ ಬುಡದಲ್ಲಿ, ಕಂಬಕ್ಕೆ ಸುತ್ತಿದ ಕಡೆ ಕೈ ಇಟ್ಟು ಕುಳಿತಿದ್ದಳು.

ಇಳಿದು ಬಂದು ಕೇಳಿದೆ, "ಯಾಕಕ್ಕಾ, ಝೇಂಡಾ ನೋಡಲಿಲ್ಲೇನು?"

"ನೀ ಇಳಿದ್ಯೆಲ್ಲಾ, ಈಗ ನೋಡತೇನಿ" ಎಂದು ಎದ್ದು, ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದಳು.

ಆಕೆ ಯಾಕೆ ಹೀಗೆ ಎಂಬುದು ನನಗೆ ತಿಳಿದದ್ದು ಕಳಸಾಪುರದಲ್ಲಿ. ಒಂದು ರಜೆಯ ದಿನ ಅಲ್ಲಿ ಒಬ್ಬರ ಮಾಳಿಗೆ ಸೋರುತ್ತದೆಂದು ನೋಡಲು ಹೋಗಿದ್ದೆ. ಪಕ್ಕದ ಮನೆಯ ಪಡಸಾಲೆಯಲ್ಲಿ ಅಕ್ಕ ಕುಳಿತಿದ್ದಳು. ಹೊರಸಿನ ಮೇಲೆ ಮಲಗಿದ್ದ ಗಂಡಸಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಕಾಲುಗಳು ಜೋಳದ ದಂಟಿನಷ್ಟು ಸಣ್ಣಗಾಗಿದ್ದವು. ನಾನು ಗಿರಣಿಯವನೆಂದು ತಿಳಿದು ಆತ ನನ್ನನ್ನು ಒಳಗೆ ಕರೆದ.

"ಚಿಮಣಿ ಏರತೀಯೇನು?" ಎಂದು ಕೇಳಿದ. ಹೌದೆಂದೆ. "ನಾನೂ ಏರತಿದ್ನಿ. ಅವತ್ತ ಈಕಿನ್ನ ಕೇಳಿದ್ನಿ, ಯವ್ವಾ, ನಿಮ್ಮದು ನೂಲಿನ ಕೈ, ಈ ಹಗ್ಗ ಒಂದೀಟ ನೋಡು ಅಂತ. ನೋಡಿ, ಚಲೋ ಐತಿ ಅಂದ್ಲು."

ಆತನ ದನಿಯಲ್ಲಿ ಸಿಟ್ಟು ಇರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ. ಅಕ್ಕ ತಲೆ ಎತ್ತದೆ ತಿಕ್ಕುತ್ತಲೇ ಇದ್ದಳು.

ಹಿಂದಿರುಗುವಾಗ ಇಬ್ಬರೂ ಒಟ್ಟಿಗೆ ನಡೆದೆವು. ಎರಡೂ ಬದಿಗೆ ಕರಿಯ ಹೊಲ. ಅರ್ಧ ದಾರಿ ಸವೆಯಿತು. ಆಮೇಲೆ ತಾನಾಗಿಯೇ ಹೇಳಿದಳು.

"ಮಗಳಿಗೆ ಜ್ವರಾ ಬಂದಿತ್ತು. ಮನಿಗೆ ಓಡೂ ಗಡಿಬಿಡ್ಯಾಗ ಮ್ಯಾಲಿಂದ ಮ್ಯಾಲ ಕೈಯಾಡಿಸಿ ಚಲೋ ಐತಿ ಅಂದ್ನಿ. ಒಳಗ ತೆಗದ ನೋಡಲಿಲ್ಲ. ಆ ಮನಷಾ ನನ್ನ ಮಾತ ನಂಬಿ ಏರಿದಾ."

"ನಿನ್ನ ಕೆಲಸಾ ಅಲ್ಲಲಾ ಅಕ್ಕಾ ಅದು. ಮುಕಾದಮ ನೋಡಬೇಕಾಗಿತ್ತು."

"ಕೇಳಿದ್ದು ನನ್ನ. ಹೇಳಿದ್ದು ನಾನು."

ಆ ಮನೆಯ ಹೆಂಗಸು, ಎಂದರೆ ಆತನ ಹೆಂಡತಿ, ಅಷ್ಟು ವರ್ಷಗಳಲ್ಲಿ ಅಕ್ಕನ ಜೊತೆ ಒಂದು ಮಾತೂ ಆಡಿರಲಿಲ್ಲವಂತೆ. ಆದರೆ ರಜೆಯ ದಿನ ಬೆಳಿಗ್ಗೆ ಬಾಗಿಲು ತೆರೆದೇ ಇಡುತ್ತಿದ್ದಳು, ಹೊರಡುವಾಗ ಒಂದು ತಂಬಿಗೆ ಮಜ್ಜಿಗೆ ತಂದು ನೆಲದ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ಮುಂದೆ ಆತ ತೀರಿಕೊಂಡ. ಅಕ್ಕ ಕಳಸಾಪುರಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಆ ದಿನದಿಂದ ನಾನು ಆಕೆಗೆ ಹಿಂದಿನಿಂದ ಬೈಯುವುದನ್ನು ನಿಲ್ಲಿಸಿದೆ. ಆಕೆಯ ಮಾತನ್ನು ಪೂರ್ತಿ ನಂಬಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಮೋಸ ಹೋದವಳು ಎಲ್ಲೆಲ್ಲೂ ಮೋಸವನ್ನೇ ಕಾಣುತ್ತಾಳೆ, ಪಾಪ, ಎಂದುಕೊಳ್ಳುತ್ತಿದ್ದೆ.

ಏಕೀಕರಣದ ವರ್ಷ ಗಿರಣಿಗೆ ಹೊಸ ಮ್ಯಾನೇಜರು ಬಂದಿದ್ದರು. ಹುಬ್ಬಳ್ಳಿಯವರು, ಇನ್ನೂ ಮೂವತ್ತೈದು ದಾಟದವರು. ಕೆಟ್ಟವರೆಂದು ಹೇಳಲಾರೆ. ಏಕೀಕರಣದ ಸಭೆ ಎಲ್ಲಿ ನಡೆದರೂ ಹೋಗುತ್ತಿದ್ದರು, ಭಾಷಣ ಕೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಸ ರಾಜ್ಯ ಹುಟ್ಟುವ ದಿನ ಚಿಮಣಿಗೆ ಮೇಲಿನಿಂದ ಕೆಳಗಿನವರೆಗೆ ವಿದ್ಯುತ್ ದೀಪದ ಸರ ಸುತ್ತಬೇಕು, ಲಕ್ಷ್ಮೇಶ್ವರದ ದಾರಿಯಲ್ಲಿ ಬರುವವರಿಗೂ ಕಾಣಬೇಕು ಎಂಬುದು ಅವರ ಆಸೆ. ಫಕ್ಕೀರಪ್ಪನಂತೂ ಕುಣಿದಾಡಿದ. "ನಮ್ಮೂರು ಮೊದಲ ಸಂಸ್ಥಾನದಾಗಿತ್ತು, ಆಮ್ಯಾಲ ಮುಂಬೈ ರಾಜ್ಯಕ್ಕ ಹೋತು, ಈಗ ನಮ್ಮ ಮನಿಗೆ ನಾವು ಬಂದ್ವಿ. ಮ್ಯಾಲಿನ ದೀಪ ನಾನ ಕಟ್ಟಾಂವ" ಎಂದು ಎಲ್ಲರೆದುರು ಹೇಳಿಬಿಟ್ಟ.

ಕೆಲಸದ ರೀತಿ ಹೀಗಿತ್ತು. ಚಿಮಣಿಯ ಪೂರ್ವಕ್ಕೆ ಗೋಡೆಯಲ್ಲಿ ಹೂತ ಕಬ್ಬಿಣದ ಮೆಟ್ಟಿಲುಗಳಿದ್ದವು. ತುದಿಯಲ್ಲಿ ಸುತ್ತಲೂ ಗೇಣಗಲದ ಇಟ್ಟಿಗೆಯ ಅಂಚು. ಪಶ್ಚಿಮಕ್ಕೆ ಒಂದು ಗಾಲಿ. ಹಗ್ಗವನ್ನು ಆ ಗಾಲಿಯ ಮೇಲೆ ಹಾಯಿಸಿ, ಒಂದು ತುದಿಗೆ ಕೂರುವ ಹಲಗೆ ಕಟ್ಟಿ, ಇನ್ನೊಂದು ಕಡೆಯನ್ನು ಕೆಳಗೆ ನಿಂತವರು ಹಿಡಿಯಬೇಕು. ಹಲಗೆಯಲ್ಲಿ ಕುಳಿತವನನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರೆ ಅವನು ದೀಪ ಕಟ್ಟುತ್ತ ಬರುತ್ತಾನೆ. ಚಿಮಣಿಯ ಎತ್ತರ ಸರಿಯಾಗಿ ಹದಿನೇಳು ಮಾರು. ಹಗ್ಗ ಏರಿ ಇಳಿಯಲು ಅದರ ಎರಡರಷ್ಟು ಉದ್ದ ಬೇಕು, ಅಷ್ಟು ಉದ್ದದ ಒಳ್ಳೆಯ ಹಗ್ಗ ಸ್ಟೋರಿನಲ್ಲಿ ಇರಲಿಲ್ಲ. ಇದ್ದುದಕ್ಕೆ ಮೂರು ಗಂಟು ಬಿದ್ದಿತ್ತು. ಮ್ಯಾನೇಜರು ಹುಬ್ಬಳ್ಳಿಯಿಂದ ಹೊಸದು ತರಿಸಿದರು. ಬೆಳ್ಳಗೆ, ಹೆಬ್ಬೆರಳು ಗಾತ್ರದ, ನೋಡಿದರೆ ಮುಟ್ಟಬೇಕೆನಿಸುವ ಸಣಬಿನ ಹಗ್ಗ.

ಹಬ್ಬದ ಹಿಂದಿನ ದಿನ ಅಕ್ಕ ಅದನ್ನು ಬೇವಿನ ಮರಗಳ ನಡುವೆ ಮಡಿಕೆ ಮಡಿಕೆಯಾಗಿ ಕಟ್ಟಿ ನೋಡತೊಡಗಿದಳು. ಮಧ್ಯಾಹ್ನದವರೆಗೆ ಬೆರಳಾಡಿಸುತ್ತ ಬಂದವಳು ಒಂದು ಕಡೆ ನಿಂತಳು. ಕೋಡು ತೂರಿಸಿದಳು, ತೆಗೆದಳು, ಮತ್ತೆ ತೂರಿಸಿದಳು. ಆಮೇಲೆ ನನ್ನನ್ನು ಕರೆದು, ಮ್ಯಾನೇಜರನ್ನು ಕರೆಯಲು ಹೇಳಿದಳು.

"ಸಾಹೇಬ್ರ, ಹಲಗಿ ಕಟ್ಟೂ ತುದಿಯಿಂದ ಹದಿನೇಳನೇ ಮಾರಿನ್ಯಾಗ ಒಳಗ ಸುಟ್ಟೈತ್ರಿ. ಯಾವ ಗೋದಾಮಿನ್ಯಾಗ ಯಾವ ನೀರು ಕುಡದೈತೋ. ಉಳದದ್ದು ಚಲೋ ಐತಿ."

ಮ್ಯಾನೇಜರು ಆ ಜಾಗವನ್ನು ಹಿಡಿದು ನೋಡಿದರು. "ಎಲ್ಲಿ ಸುಟ್ಟೈತಿ? ಹೊಸಾ ಹಗ್ಗ, ಫಳಫಳ ಹೊಳ್ಯಾಕ್ಹತ್ತೈತಿ."

"ಒಳಗ್ರಿ. ಅಲ್ಲಿ ಕೊಯ್ದು ಎರಡ ತುಂಡ ಮಾಡತೇನ್ರಿ. ಎರಡೂ ಉಪಯೋಗಕ್ಕ ಬರತಾವು."

"ತುಂಡ ಮಾಡಿದ್ರ ಚಿಮಣಿಗೆ ಮುಟ್ಟತೈತೇನು?"

"ಮುಟ್ಟೂದಿಲ್ರಿ."

ಅವರಿಗೆ ಸಿಟ್ಟು ಬಂತು, ಆದರೂ ತಡೆದುಕೊಂಡರು. ಪರೀಕ್ಷೆ ಮಾಡಿಬಿಡೋಣ ಎಂದರು. ಹಗ್ಗವನ್ನು ಶೆಡ್ಡಿನ ತೊಲೆಯ ಗಾಲಿಗೆ ಹಾಕಿ, ಹಲಗೆಯ ತುದಿಗೆ ಹೋದ ವರ್ಷದ ಒಂದು ಹತ್ತಿ ಅಂಡಿಗೆ ಕಟ್ಟಿ, ಐದಾರು ಮಂದಿ ಎಳೆದೆವು. ಅಂಡಿಗೆ ಆಳುದ್ದ ಮೇಲೆದ್ದು ತೂಗಾಡಿತು. ಒಂದು ಅಂಡಿಗೆ ಎಂದರೆ ಇಬ್ಬರು ಫಕ್ಕೀರಪ್ಪರ ಭಾರ. ಹಗ್ಗ ಜಗ್ಗಲಿಲ್ಲ. ಮ್ಯಾನೇಜರು ಅಕ್ಕನ ಕಡೆ ತಿರುಗಿ, "ಏನವ್ವಾ, ಹರೀತೇನು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಕ್ಕದ್ದು ನಿಜ.

ಅಕ್ಕ ನೆಲದ ಮೇಲೆ ಸುರುಳಿಯಾಗಿ ಬಿದ್ದಿದ್ದ ಹಗ್ಗವನ್ನು ತೋರಿಸಿದಳು. "ಆ ಮಾರು ಇನ್ನೂ ನೆಲದ ಮ್ಯಾಗ ಐತ್ರಿ, ಸಾಹೇಬ್ರ. ಅದರ ಮ್ಯಾಲ ಭಾರಾನ ಬಿದ್ದಿಲ್ಲ."

ನಗುವಿನಲ್ಲಿ ಆ ಮಾತು ಯಾರಿಗೂ ಸರಿಯಾಗಿ ಕೇಳಲಿಲ್ಲ. ಕೇಳಿದವರು ಯೋಚಿಸಲಿಲ್ಲ. ಆಗ ಆಕೆ ಸೀದಾ ಕಟ್ಟೆಗೆ ಹೋಗಿ ಕುಡಗೋಲು ತಂದಳು. ಮ್ಯಾನೇಜರು ಕೂಗಿ ಗೇಟಿನವನನ್ನು ಕರೆದರು. ಆತ ಆಕೆಯ ಕೈಯಿಂದ ಕುಡಗೋಲು ಕಿತ್ತುಕೊಂಡ.

"ಹೋಗವ್ವಾ, ಮನಿಗೆ ಹೋಗು. ನಾಳೆ ಬರಬ್ಯಾಡ, ನಾಡದು ನೋಡೂಣಂತ" ಎಂದರು ಮ್ಯಾನೇಜರು. ಆಕೆ ಹೋಗುವಾಗ ನನ್ನನ್ನು ನೋಡಿದಳು. ನಾನು ಅಂಡಿಗೆ ಬಿಚ್ಚುವುದರಲ್ಲಿ ತೊಡಗಿದ್ದೆ.

ಮರುದಿನ ಬೆಳಿಗ್ಗೆ ಗದಗಿನ ಓಣಿ ಓಣಿಯಲ್ಲಿ ತೋರಣ. ಮೆರವಣಿಗೆ ನಮ್ಮ ಗಿರಣಿಯ ಮುಂದೆ ಹಾದುಹೋಗುವುದಿತ್ತು, ಹಲಗೆ ಬಾರಿಸುವ ಸದ್ದು ದೂರದಿಂದ ಕೇಳುತ್ತಿತ್ತು. ಗಿರಣಿಗೆ ಬರುವಾಗ ಗೇಟಿನ ಹೊರಗಿನ ಮೋರಿಯ ಕಟ್ಟೆಯ ಮೇಲೆ ಅಕ್ಕ ಕುಳಿತಿದ್ದಳು. ನಾನು ಬೇರೆ ಕಡೆ ನೋಡುತ್ತ ಒಳಗೆ ಹೋದೆ.

ಫಕ್ಕೀರಪ್ಪ ಹೊಸ ಅಂಗಿ ತೊಟ್ಟಿದ್ದ. ಮೆಟ್ಟಿಲು ಹಿಡಿದು ಏರಿ, ದೀಪದ ಸರದ ಮೇಲಿನ ತುದಿಯನ್ನು ಅಂಚಿಗೆ ಕಟ್ಟಿದ. ಸಣ್ಣ ದಾರದಿಂದ ಹಗ್ಗವನ್ನು ಮೇಲೆ ಎಳೆದುಕೊಂಡು ಗಾಲಿಗೆ ಹಾಯಿಸಿ ಕೆಳಗೆ ಬಿಟ್ಟ. ನಾವು ನಾಲ್ವರು ಬರಿ ಹಲಗೆಯನ್ನು ತುದಿಯವರೆಗೆ ಎಳೆದು, ಕೆಳಗಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದೆವು. ಅವನು ಅಂಚಿನ ಮೇಲೆ ಗೋಡೆಗೆ ಎದೆ ಆನಿಸಿ ಸರಿದು ಪಶ್ಚಿಮಕ್ಕೆ ಬಂದು, ಕಾಲು ಇಳಿಬಿಟ್ಟು ಹಲಗೆಯಲ್ಲಿ ಕುಳಿತ. ಭಾರ ಬಿತ್ತು. ಹಗ್ಗ ನೆಟ್ಟಗಾಯಿತು.

ನನ್ನ ಎದೆಯ ಮುಂದೆ, ಕಂಬಕ್ಕಿಂತ ಒಂದು ಮೊಳ ಮೇಲೆ, ಹಗ್ಗದಿಂದ ಏನೋ ಉದುರಿತು. ಅಂಗೈ ಒಡ್ಡಿದೆ. ಬೂದು ಬಣ್ಣದ ಹಿಟ್ಟು.

ಚಿಮಣಿ ಹದಿನೇಳು ಮಾರು. ಹಲಗೆ ತುದಿಯಲ್ಲಿದೆ. ಹಲಗೆಯಿಂದ ಹದಿನೇಳನೆಯ ಮಾರು ನನ್ನ ಎದುರಿಗೆ ಇದೆ. ಹಿಂದಿನ ದಿನ ಆಕೆ ಹೇಳಿದ್ದು ಆಗ ನನ್ನ ತಲೆಗೆ ಹೋಯಿತು. ಆ ಜಾಗ ನೋಡುತ್ತಿದ್ದಂತೆ ಸ್ವಲ್ಪ ಸಣ್ಣಗಾಗಿ ಉದ್ದವಾಯಿತು.

"ಬಿಡ್ರಲೇ, ಒಂದ ಮಾರು ಬಿಡ್ರಿ" ಎಂದು ಮೇಲಿನಿಂದ ಫಕ್ಕೀರಪ್ಪ ಕೂಗಿದ.

ಬಿಟ್ಟರೆ ಆ ಜಾಗ ನಮ್ಮ ಕೈಗೆ ಸಿಗದಷ್ಟು ಮೇಲೆ ಹೋಗುತ್ತಿತ್ತು. ಅವನಿಗೆ ಹಿಂದಕ್ಕೆ ಅಂಚಿಗೆ ಏರೆಂದು ಹೇಳಿದರೆ ತೂಗಾಡುವ ಹಲಗೆಯಿಂದ ಜಗ್ಗಿ ಏಳಬೇಕು. ಆ ಜಗ್ಗಾಟಕ್ಕೆ ಹಗ್ಗ ಉಳಿಯುವಂತಿರಲಿಲ್ಲ.

"ಯಾರೂ ಬಿಡಬ್ಯಾಡ್ರಿ. ಹಂಗ ಹಿಡೀರಿ" ಎಂದೆ. ಮ್ಯಾನೇಜರು ಹತ್ತಿರ ಬಂದು ನನ್ನ ಅಂಗೈ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಧೋತರದ ಚುಂಗು ಹಿಡಿದುಕೊಂಡು, ತಾವೇ ಗೇಟಿನ ಕಡೆ ಓಡಿದರು.

ಅಕ್ಕ ಓಡಲಿಲ್ಲ, ಬೇಗ ಬೇಗ ನಡೆದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಹಗ್ಗದ ಆ ಜಾಗವನ್ನು ಮುಟ್ಟಲಿಲ್ಲ, ಮುಖ ಹತ್ತಿರ ಒಯ್ದು ನೋಡಿದಳು ಅಷ್ಟೇ.

"ಮ್ಯಾಲಿದ್ದಾಂವಗ ಗೊತ್ತೈತೇನು?"

"ಇಲ್ಲ."

"ಗೊತ್ತಾಗೂದು ಬ್ಯಾಡ. ಅಲಗ್ಯಾಡದಂಗ ಮಾತಾಡಿಸು." ಗೇಟಿನವನಿಗೆ ಹೇಳಿದಳು, "ಸ್ಟೋರಿನ್ಯಾಗ ಎರಡನೇ ಗೂಟಕ್ಕ ಬಿಳೇ ನೂಲಿನ ಹಗ್ಗ ಐತಿ, ಇಪ್ಪತ್ತ ಮಾರಿಂದು. ಅದನ್ನ ತಾ. ಒಂದ ಅಂಡಿಗಿ ಉಳ್ಳಿಸಿಕೊಂಡ ಬರ್ರಿ."

ನಾನು ಕತ್ತೆತ್ತಿ ಕೂಗಿದೆ. "ಫಕ್ಕೀರಪ್ಪಾ, ಮೊದಲ ಕೈಗೆ ನಿಲುಕೂ ದೀಪ ಕಟ್ಟು. ಸಾಹೇಬ್ರು ಕೆಳಗಿಂದ ನೋಡ್ಯಾರ, ಸೊಟ್ಟ ಅದಾವಂತ. ಸಾವಕಾಶ ಕಟ್ಟು."

"ಎಲ್ಲಿ ಸೊಟ್ಟ ಅದಾವು?"

"ಎಡಕ್ಕ. ನೀ ತಿರಗಬ್ಯಾಡ, ಕೂತಲ್ಲೇ ಕೈ ಚಾಚು."

ಅವನು ಏನೋ ಗೊಣಗಿ ದೀಪದ ತಂತಿ ಸರಿಮಾಡತೊಡಗಿದ. ಆಗ ಫಟ್ ಎಂದು ಸದ್ದಾಯಿತು. ಮೂರು ಹುರಿಗಳಲ್ಲಿ ಒಂದು ಹರಿದು ಸುರುಳಿ ಬಿಚ್ಚಿಕೊಂಡು ನನ್ನ ಮುಖಕ್ಕೆ ಬಡಿಯಿತು. ಹಗ್ಗ ಹಿಡಿದಿದ್ದವರಲ್ಲಿ ಒಬ್ಬ ಅವ್ವಾ ಎಂದ. ಅಕ್ಕ ಅವನನ್ನು ನೋಡಿದ ನೋಟಕ್ಕೆ ಅವನ ಬಾಯಿ ಮುಚ್ಚಿತು.

"ಏನಾತಲೇ?" ಎಂದು ಮೇಲಿನಿಂದ ಫಕ್ಕೀರಪ್ಪ ಕೇಳಿದ.

"ಹೊರಗ ಪಟಾಕಿ" ಎಂದೆ.

ಅಂಡಿಗೆ ಬಂತು. ಅಕ್ಕ ಸೀರೆಯ ಕಚ್ಚೆ ಬಿಗಿದು ಅದರ ಮೇಲೆ ಹತ್ತಿ ನಿಂತಳು. ಬಿಳಿಯ ನೂಲಿನ ಹಗ್ಗದ ತುದಿಯನ್ನು, ಕೆಟ್ಟ ಜಾಗಕ್ಕಿಂತ ಮೇಲೆ, ತನ್ನ ಕೈ ಎಷ್ಟು ನಿಲುಕುತ್ತದೋ ಅಷ್ಟು ಎತ್ತರದಲ್ಲಿ ಸುತ್ತತೊಡಗಿದಳು. ಒಂದರ ಪಕ್ಕ ಒಂದು, ಬಿಗಿಯಾಗಿ, ಕೆಳಮುಖವಾಗಿ. ಎಳೆದಷ್ಟೂ ಕಚ್ಚಿಕೊಳ್ಳುವ ಸುತ್ತು ಅದು. ನಾನು ಆಕೆಯ ಕೈಯನ್ನೇ ನೋಡುತ್ತಿದ್ದೆ. ಒಮ್ಮೆಯೂ ಅವಸರವಾಗಲಿಲ್ಲ. ಐದನೆಯ ಸುತ್ತಿಗೆ ನಿಂತು, ಸರಿಯಿಲ್ಲವೆಂದು ಒಂದು ಸುತ್ತು ಬಿಚ್ಚಿ ಮತ್ತೆ ಹಾಕಿದಳು. ಆ ಕ್ಷಣದಲ್ಲಿ ಆಕೆಯ ಕೈ ಹಿಡಿದು, ಸಾಕು ಬಿಡು ಎಂದು ಕೂಗಬೇಕೆನಿಸಿತ್ತು. ಕೊನೆಯ ಗಂಟು ಹಾಕಿ, ಹಲ್ಲಿನಿಂದ ಎಳೆದು, ಇಳಿದಳು.

"ಆ ಕಂಬಕ್ಕ ಎರಡ ಸುತ್ತ ಹಾಕ್ರಿ. ಇಬ್ಬರು ಇದನ್ನ ಹಿಡೀರಿ. ಹಾಂ, ಈಗ ಹೊಸಾದನ್ನ ಒಂದ ಬೆರಳಿನಷ್ಟ ಸಡಲ ಬಿಡ್ರಿ. ಒಂದ ಬೆರಳು."

ಬಿಟ್ಟೆವು. ಬಿಳಿ ನೂಲಿನ ಹಗ್ಗ ನೆಟ್ಟಗಾಯಿತು, ಸುತ್ತುಗಳು ಕಿರ್ರೆಂದು ಬಿಗಿದವು. ಫಕ್ಕೀರಪ್ಪನ ಭಾರ ಅದರ ಮೇಲೆ ಬಂತು. ಹೊಸ ಹಗ್ಗದ ಕೆಟ್ಟ ಜಾಗ ಸಡಿಲಾಗಿ ಬಾಗಿ ನಿಂತಿತು. ಅದರಿಂದ ಇನ್ನೂ ಹಿಟ್ಟು ಉದುರುತ್ತಿತ್ತು.

"ಇಳಸ್ರಿ. ದೀಪಾ ಗೀಪಾ ಬ್ಯಾಡ. ಸಾವಕಾಶ."

ಅಷ್ಟು ಉದ್ದದ ಹಗ್ಗವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಇಳಿಸಿದಷ್ಟೂ ಮುಗಿಯಲೊಲ್ಲದು. ಅಕ್ಕ ಹಾಕಿದ ಗಂಟು ಮೇಲೆ ಮೇಲೆ ಹೋಗುತ್ತ ಸಣ್ಣದಾಯಿತು. ಫಕ್ಕೀರಪ್ಪ ಮೇಲಿನಿಂದ ಬೈಯುತ್ತಲೇ ಬಂದ. ಇನ್ನೂ ಎರಡೇ ದೀಪ ಕಟ್ಟೇನಿ, ಯಾಕ ಇಳಸಾಕ್ಹತ್ತೀರಿ, ಮೆರವಣಿಗಿ ಬಂತು, ನಿಮಗೇನ ಹುಚ್ಚ ಹಿಡದೈತೇನು. ನಾವು ಇಳಿಸುತ್ತಲೇ ಇದ್ದೆವು. ಅವನ ಕಾಲು ನೆಲ ಮುಟ್ಟಿದಾಗ ನಾಲ್ವರ ಅಂಗೈಯೂ ಸುಲಿದಿತ್ತು.

ಅವನು ಹಲಗೆಯಿಂದ ಎದ್ದು ನಮ್ಮ ಮುಖ ನೋಡಿದ. ಮ್ಯಾನೇಜರ ಮುಖ ನೋಡಿದ. ಹಲಗೆಯನ್ನು ಬಿಚ್ಚಿ ನಾವು ಹಗ್ಗವನ್ನೆಲ್ಲ ಕೆಳಗೆ ಎಳೆದುಕೊಂಡೆವು. ಅಕ್ಕ ಆ ಹದಿನೇಳನೆಯ ಮಾರನ್ನು ಹುಡುಕಿ, ಎರಡೂ ಕೈಯಲ್ಲಿ ಹಿಡಿದು, ಹಪ್ಪಳ ಮುರಿಯುವಷ್ಟು ಸುಲಭವಾಗಿ ಎಳೆದಳು. ಉಳಿದ ಎರಡು ಹುರಿಗಳೂ ಆಕೆಯ ಕೈಯಲ್ಲಿ ಹರಿದು ಬಂದವು. ಫಕ್ಕೀರಪ್ಪ ಅದನ್ನು ನೋಡಿದ, ಮೇಲಕ್ಕೆ ಚಿಮಣಿಯ ತುದಿ ನೋಡಿದ, ಹೊಸ ಅಂಗಿಯಲ್ಲೇ ನೆಲದ ಮೇಲೆ ಕುಳಿತ. ಮುಂದೆ ಅವನು ಮಾಡಿನ ಕೆಲಸ ಮಾಡಿದ, ಚಿಮಣಿ ಮಾತ್ರ ಏರಲಿಲ್ಲ.

ಮ್ಯಾನೇಜರು ಅಕ್ಕನ ಮುಂದೆ ಬಂದು ನಿಂತರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಪ್ಪಾತವ್ವಾ. ನಾಳಿಂದ ನೀ ಹೂಂ ಅನ್ನದ ಯಾರೂ ಏರೂದಿಲ್ಲ."

"ನಾ ಹೂಂ ಅಂದ್ರೂ ಏರಾಂವ ತಾನೂ ಒಮ್ಮೆ ತೆಗದ ನೋಡಲ್ರಿ" ಎಂದಳು ಅಕ್ಕ. "ನಾನೂ ಮನಷಾಳ ಅದೇನ್ರಿ."

ಮೆರವಣಿಗೆ ಗೇಟಿನ ಮುಂದೆ ಬಂತು. ದೀಪದ ಸರವನ್ನು ಗೇಟಿಗೇ ಕಟ್ಟಲು ಎಲ್ಲರೂ ಆ ಕಡೆ ಹೋದರು. ಅಂಗಳದಲ್ಲಿ ನಾನು ಮತ್ತು ಅಕ್ಕ ಉಳಿದೆವು. ಆಕೆ ಅಂಡಿಗೆಗೆ ಬೆನ್ನು ಕೊಟ್ಟು ಕುಳಿತು, ಬಿಳಿ ನೂಲಿನ ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡು, ತಾನು ಹಾಕಿದ ಗಂಟನ್ನು ಬಿಡಿಸಲು ನೋಡಿದಳು. ಬೆರಳುಗಳು ನಡುಗುತ್ತಿದ್ದವು. ಗಂಟಿನ ಮೇಲೆ ಇಟ್ಟರೆ ಜಾರುತ್ತಿದ್ದವು. ಎರಡೂ ಅಂಗೈ ಒತ್ತಿ ಹಿಡಿದಳು, ನಡುಕ ನಿಲ್ಲಲಿಲ್ಲ. ಇಷ್ಟು ವರ್ಷ ಆ ಕೈಗಳನ್ನು ನೋಡಿದ್ದೆ, ಹಾಗೆ ನಡುಗಿದ್ದನ್ನು ನೋಡಿರಲಿಲ್ಲ. ಹೊರಗೆ ಹಲಗೆಯ ಬಡಿತ, ಜಯಕಾರ, ಪಟಾಕಿ. ಕ್ಷಮೆ ಕೇಳಬೇಕೆಂದಿದ್ದೆ.

ಆಕೆ ಹಗ್ಗವನ್ನು ನನ್ನ ಕಡೆ ಸರಿಸಿದಳು.

"ನೀನ ಬಿಚ್ಚಪಾ" ಎಂದಳು. "ನನ್ನ ಕೈಲೆ ಆಗವಲ್ದು."